ಅಮ್ಮ ಬಿಟ್ಟುಕೊಟ್ಟ ಹೆಸರು

ನಮ್ಮಮ್ಮನಿಗೆ ಒಂದು ಹೆಸರಿತ್ತು. ಇತ್ತು ಎನ್ನುವುದೇ ಸರಿ, ಏಕೆಂದರೆ ಬದುಕಿನ ನಡುದಾರಿಯಲ್ಲಿ ಅವಳು ಅದನ್ನು ಬಿಟ್ಟಳು. ಕೆಲವರು ಕಾಫಿ ಬಿಡುತ್ತಾರೆ, ಕೆಲವರು ಗಂಡನನ್ನು ಬಿಡುತ್ತಾರೆ, ಇವಳು ಹೆಸರು ಬಿಟ್ಟಳು. ಅವಳು ಬಿಟ್ಟದ್ದನ್ನು ನಾನು ಎತ್ತಿ ತಂದು ಇಲ್ಲಿ ಇಡುವುದಿಲ್ಲ. ಹೊಲಿಗೆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕಾಜಾ ಎನ್ನುತ್ತಿದ್ದರು. ಇಲ್ಲೂ ಅದೇ ಇರಲಿ.

ಆ ಹೆಸರು ಅಪರೂಪದ್ದೇನಲ್ಲ. ಅಮ್ಮ ಹುಟ್ಟಿದ ಕಾಲಕ್ಕೆ ಹೆರಿಗೆ ವಾರ್ಡಿನಲ್ಲಿ ಒಬ್ಬ ನರ್ಸ್ ಇದ್ದಳಂತೆ. ಕೈ ಬಲು ಹಗುರ, ಬಾಯಿ ಬಲು ಜೋರು. ಅವಳ ಕೈಯಲ್ಲಿ ಹೆತ್ತ ಹೆಂಗಸರು, ಜೀವ ಉಳಿಯಿತಲ್ಲ ಎಂಬ ಋಣಕ್ಕೆ, ಹೆಣ್ಣು ಹುಟ್ಟಿದರೆ ಅವಳ ಹೆಸರನ್ನೇ ಇಟ್ಟುಬಿಡುತ್ತಿದ್ದರು. ಬೀದಿಯಲ್ಲಿ ನಿಂತು ಕೂಗಿದರೆ ನಾಲ್ಕು ಮನೆಗಳಿಂದ ನಾಲ್ಕು ಹುಡುಗಿಯರು ಹೊರಗೆ ಬರುತ್ತಿದ್ದರಂತೆ. ಅಷ್ಟು ಜನ ಹಂಚಿಕೊಂಡ ಮೇಲೆ ಪ್ರತಿ ಮನೆಯೂ ಅದನ್ನು ತನ್ನ ಅಳತೆಗೆ ಕತ್ತರಿಸಿಕೊಂಡಿತು. ಒಬ್ಬರು ಬಾಲ ಕತ್ತರಿಸಿದರು, ಇನ್ನೊಬ್ಬರು ತಲೆ ಹಾರಿಸಿದರು, ಮತ್ತೊಬ್ಬರು ನಡುವಿನ ಅಕ್ಷರವನ್ನು ಒತ್ತಿ ಮುದ್ದು ಮಾಡಿದರು. ದೊಡ್ಡವರಾದ ಮೇಲೆ ಕೆಲವರಿಗೆ 'ಅಮ್ಮ' ಅಂಟಿತು, ಕೆಲವರಿಗೆ 'ಅಕ್ಕ' ಅಂಟಿತು. ಸಿಟ್ಟು ಬಂದಾಗ ಮಾತ್ರ ಎಲ್ಲ ಮನೆಗಳಲ್ಲೂ ಪೂರ್ತಿ ಹೆಸರು. ಅದರ ಅರ್ಥ ಬೆಳಕು ಎಂದು ಶಾಲೆಯ ಮೇಷ್ಟ್ರು ಹೇಳಿದ್ದರಂತೆ. "ನಮ್ಮನೇಲಿ ಕರೆಂಟ್ ಇರ್ಲಿಲ್ಲ, ಅದಕ್ಕೇ ನನ್ನ ಹೆತ್ರೇನೋ" ಎಂದು ಅಮ್ಮ ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಶೆಡ್ಡಿನಲ್ಲಿ. ತಗಡಿನ ಮಾಡು, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು, ಎರಡು ಸಾಲು ಮೆಷಿನ್ನು. ಸಂಜೆ ಮನೆಗೆ ಬಂದಾಗ ಅವಳ ಹುಬ್ಬಿನ ಮೇಲೂ ಬಟ್ಟೆಯ ಧೂಳು ಕೂತಿರುತ್ತಿತ್ತು. ಆ ಶೆಡ್ಡಿನಲ್ಲಿ ಅದೇ ಹೆಸರಿನವರು ಮೂವರಿದ್ದರು. ಸೂಪರ್‌ವೈಸರ್ ಮೊದಲ ವಾರವೇ ತಲೆ ಚಚ್ಚಿಕೊಂಡು, ಇನ್ನು ಯಾರೂ ಹೆಸರು ಹಿಡಿದು ಕರೆಯಬಾರದು ಎಂದು ಅಪ್ಪಣೆ ಮಾಡಿದ. ಕಾಲರ್ ಕೂರಿಸುವವಳು ಕಾಲರ್ ಆದಳು. ಗುಂಡಿ ತೂರಿಸುವ ಕಿಂಡಿ, ಅಂದರೆ ಕಾಜಾ, ಹೊಲಿಯುವ ಅಮ್ಮ ಕಾಜಾ ಆದಳು. ಮೂಲೆಯಲ್ಲಿ ಅಂಗಿ ಮಡಿಸಿ ಉಜ್ಜುವವಳು ಇಸ್ತ್ರಿ. ಅವಳಿಗೆ ಮಾತ್ರ ಹೆಸರು ಬಂದದ್ದು ನರ್ಸಿನಿಂದಲ್ಲ. ಅದು ಅವಳ ಅಪ್ಪ ಮದುವೆಗೆ ಮುಂಚೆ ಮೆಚ್ಚಿದ್ದ ಹುಡುಗಿಯ ಹೆಸರಂತೆ. ಹಾಗೆಂದು ಅವಳ ಅಮ್ಮನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಊಟದ ಹೊತ್ತಿನಲ್ಲಿ ಈ ಕತೆ ಹೇಳಿ ಮೂವರೂ ಹೊಟ್ಟೆ ಹಿಡಿದು ನಗುತ್ತಿದ್ದರಂತೆ.

ಕಾಲರ್ ಮತ್ತು ಅಮ್ಮ ಅಕ್ಕಪಕ್ಕದ ಮೆಷಿನ್ನು. ಬುತ್ತಿಯೂ ಒಂದೇ, ಬೈಗುಳವೂ ಒಂದೇ. ಇಬ್ಬರಿಗೂ ಒಬ್ಬೊಬ್ಬಳೇ ಮಗಳು, ಇಬ್ಬರೂ ಒಂದೇ ಶಾಲೆ. ಕಾಲರತ್ತೆಯ ಮಗಳು ತಲೆ ತಗ್ಗಿಸಿ ರಸ್ತೆಯ ಅಂಚಿನಲ್ಲಿ ನಡೆಯುವ ಹುಡುಗಿ. ನಾನು ಬೀದಿ ಬಸವಿ, ಗೋಡೆ ಕಂಡರೆ ಹತ್ತುವವಳು, ಗಾಡಿ ಕಂಡರೆ ಓಡುವವಳು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವತ್ತು ಮಧ್ಯಾಹ್ನ ಗೇಟಿನ ವಾಚ್‌ಮನ್ ಏದುಸಿರು ಬಿಡುತ್ತಾ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಕೆಲಸಕ್ಕೆ ಹೊಸಬ, ಕಾಲರ್ ಯಾರು ಕಾಜಾ ಯಾರು ಎಂದು ತಿಳಿಯದು. ಫೋನಿನಲ್ಲಿ ಕೇಳಿದ ಹೆಸರನ್ನೇ ಕೂಗಿದ. "ನಿಮ್ಮ ಮಗಳಿಗೆ ಲಾರಿ ಗುದ್ದಿದೆಯಂತೆ, ದೊಡ್ಡಾಸ್ಪತ್ರೆಗೆ ಸೇರ್ಸಿದಾರೆ, ಬೇಗ ಹೋಗಿ!" ಇಸ್ತ್ರಿಗೆ ಇದ್ದವರು ಗಂಡುಮಕ್ಕಳು. ಉಳಿದವರು ಇಬ್ಬರು. ಅಮ್ಮ ಕಿರುಚಿ ಎದ್ದಳು. ಲಾರಿ ಗುದ್ದುವುದಾದರೆ ನನಗೇ ಗುದ್ದಬೇಕು ಎಂದು ಅವಳಿಗೂ ಅನ್ನಿಸಿತು, ಕಾಲರತ್ತೆಗೂ ಅನ್ನಿಸಿತು. ಒಬ್ಬಳು ಎದೆ ಬಡಿದುಕೊಂಡ ಮೇಲೆ, ಯಾರ ಮಗಳು ಎಂದು ಯಾರು ಕೇಳುತ್ತಾರೆ?

ಅಮ್ಮನ ಚಪ್ಪಲಿ ಸಿಗಲಿಲ್ಲ. ಕಾಲರತ್ತೆ ತನ್ನ ಚಪ್ಪಲಿಯನ್ನೇ ಅವಳ ಕಾಲಿಗೆ ತೂರಿಸಿ, ಗೇಟಿನವರೆಗೂ ತೋಳು ಹಿಡಿದು ನಡೆಸಿ, ಆಟೋ ಹತ್ತಿಸಿದಳು. "ನೀನು ಹೋಗು, ನಿನ್ನ ಪಾಲಿಂದು ನಾನು ಹೊಲ್ದು ಇಡ್ತೀನಿ" ಎಂದಳು. ವಾಪಸ್ ಬಂದು ಅಮ್ಮನ ಮೆಷಿನ್ನಿನ ಮುಂದೆ ಕೂತು ಕಾಜಾ ಹೊಲಿಯತೊಡಗಿದಳು. ಆಸ್ಪತ್ರೆಯಲ್ಲಿದ್ದದ್ದು ಅವಳ ಮಗಳು.

ಅಮ್ಮ ವಾರ್ಡಿಗೆ ಹೋಗಿ ನೋಡಿದಾಗ ಹುಡುಗಿಯ ತಲೆಗೂ ಕಣ್ಣಿಗೂ ಬ್ಯಾಂಡೇಜು ಸುತ್ತಿತ್ತು. ಅಮ್ಮ ಮೊಣಕಾಲು ನೋಡಿದಳು. ನನ್ನ ಮೊಣಕಾಲಿನಲ್ಲಿರುವ ಗಾಯದ ಗುರುತು ಅಲ್ಲಿರಲಿಲ್ಲ. ಆಮೇಲೆ ದಿಂಬಿನ ಮೇಲೆ ಬಿದ್ದಿದ್ದ ಜಡೆಯನ್ನೂ ಅದರ ರಿಬ್ಬನ್ನನ್ನೂ ನೋಡಿ ಯಾರೆಂದು ತಿಳಿಯಿತು. ಆಚೆ ಬಂದು ನರ್ಸಿಗೆ ಹೇಳಿದಳು. ನರ್ಸ್ ಫೋನ್ ಮಾಡಿ ತಾಯಿಯ ಹೆಸರು ಹೇಳಿದಳು. "ಅವ್ರು ಆಗ್ಲೇ ಹೊರಟ್ರಲ್ಲಮ್ಮ, ಅಲ್ಲಿಗೇ ಬಂದಿರ್ತಾರೆ ನೋಡಿ" ಎಂದು ವಾಚ್‌ಮನ್ ಫೋನ್ ಇಟ್ಟುಬಿಟ್ಟ. "ಹೆಸರು ಹೇಳ್ಬೇಡಿ, ಕಾಲರ್ ಅನ್ನಿ, ಕಾಲರ್ ಅಂತ ಹೇಳಿ" ಎಂದು ಅಮ್ಮ ಗೋಗರೆದಳು. ಮತ್ತೆ ಲೈನು ಸಿಗುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಕಾಲರತ್ತೆ ಬರಿಗಾಲಲ್ಲಿ ಬಂದಳು. ಹುಡುಗಿ ಹೋಗಿಬಿಟ್ಟಿದ್ದಳು.

ಕಾರಿಡಾರಿನಲ್ಲಿ ಕಾಲರತ್ತೆ ಅಮ್ಮನ ಎರಡೂ ಭುಜ ಹಿಡಿದು ಕೇಳಿದಳಂತೆ, "ಬೆಳಗ್ಗೆ ಸ್ಕೂಲಿಗೆ ಹೋಗಲ್ಲ ಅಂದ್ಲು ಕಣೇ. ಎರಡೇಟು ಹಾಕಿ, ಜಡೆ ಬಿಗಿದು ಕಳ್ಸಿದೆ. ಸಿಟ್ಟಲ್ಲೇ ಹೋದ್ಲಾ? ನನ್ನ ಕೇಳಿದ್ಲೇನೇ?"

"ಪ್ರಜ್ಞೆನೇ ಇರ್ಲಿಲ್ಲ ಕಣೇ" ಎಂದಳು ಅಮ್ಮ.

ಅವತ್ತಿನಿಂದ ಅಮ್ಮ ಆ ಹೆಸರಿಗೆ ಓಗೊಡಲಿಲ್ಲ. ಅಜ್ಜಿ ಕರೆದರೂ ಇಲ್ಲ, ಅಪ್ಪ ಕರೆದರೂ ಇಲ್ಲ. ಅಪ್ಪ ಕೆಲವು ದಿನ ರೇಗಿದ, ಕೆಲವು ದಿನ ತಮಾಷೆ ಮಾಡಿದ, ಕೊನೆಗೆ "ಏ, ಇವಳೇ" ಎಂಬಲ್ಲಿಗೆ ಬಂದು ನಿಂತ, ಹಾಗೆ ಕರೆಯುತ್ತಲೇ ಒಂದು ದಿನ ತೀರಿಕೊಂಡ. ಶೆಡ್ಡಿನಲ್ಲಿ ಇಬ್ಬರೂ ಪಕ್ಕಪಕ್ಕದ ಮೆಷಿನ್ನಿನಲ್ಲೇ ಉಳಿದರು. ಎಲ್ಲಿಗೆ ಹೋಗುತ್ತಾರೆ, ಹೊಟ್ಟೆ ಕೇಳಬೇಕಲ್ಲ. ಕಾಲರತ್ತೆ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ತಲೆ ಸವರುತ್ತಿದ್ದಳು, ಜಡೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಹಾ ಕುಡಿದು ಲೋಟ ಕೆಳಗಿಡುವಾಗಲೋ, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗಲೋ ಅದೇ ಮಾತು ಬರುತ್ತಿತ್ತು: "ನಿಜ ಹೇಳು, ನನ್ನ ಕೇಳಿದ್ಲೇನೇ?" ಅಮ್ಮನದೂ ಅದೇ ಉತ್ತರ. ಚಿಕ್ಕವಳಾದ ನನಗೆ ಇದೊಂದು ದೊಡ್ಡವರ ಮಾಮೂಲು ಮಾತು ಎನ್ನಿಸಿತ್ತು, ಊಟ ಆಯ್ತಾ ಎಂದು ಕೇಳಿದ ಹಾಗೆ.

ನನಗೆ ನಿಜ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಒಂದು ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ. ಸೂಜಿಯ ಕಣ್ಣನ್ನೇ ನೋಡಿ ನೋಡಿ ಅಮ್ಮನ ಕಣ್ಣು ಮಬ್ಬಾಗಿತ್ತು. ನಾನು ಕುಡಿಯಲು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅವಳ ಸರದಿ ತಪ್ಪಿಹೋಗಿತ್ತು. ಕೌಂಟರಿನ ಹುಡುಗಿ ಗಂಟಲು ಹರಿಯುವ ಹಾಗೆ ಕೂಗಿದ್ದಳಂತೆ, ಅಮ್ಮ ಎದುರಿಗೇ ಕೂತಿದ್ದಳಂತೆ, ಕಂಬದ ಹಾಗೆ. ನನಗೆ ನೆತ್ತಿಗೇರಿತು. ಅಷ್ಟು ಜನರ ಮುಂದೆ, "ನಿನ್ನ ಹೆಸರು ನಿನಗೆ ಕೇಳ್ಸಲ್ವಾ? ಕಿವೀನೂ ಹೋಯ್ತಾ?" ಎಂದು ಕೂಗಾಡಿದೆ.

ಅಮ್ಮ ಸೆರಗಿನ ತುದಿಯ ದಾರವನ್ನು ಹಲ್ಲಿನಿಂದ ಕಡಿದಳು. ಅದು ಅವಳ ಅಭ್ಯಾಸ. "ಆ ಹೆಸರು ನನ್ನದಲ್ಲ ಮಗಾ" ಎಂದಳು. "ಒಂದ್ಸಲ ಬೇರೆಯೋರ ಜಾಗದಲ್ಲಿ ಅದನ್ನ ಬಳಸ್ಬಿಟ್ಟೆ. ಆಮೇಲೆ ಅವಳಿಗೇ ಬಿಟ್ಟುಕೊಟ್ಟೆ."

ಆಮೇಲೆ ಎಲ್ಲ ಹೇಳಿದಳು. ಮೊಣಕಾಲು ನೋಡಿದ ಕೂಡಲೇ ಅವಳ ಬಾಯಿಂದ "ಸದ್ಯ, ನನ್ನ ಮಗಳಲ್ಲ" ಎಂಬ ಮಾತು ಜೋರಾಗಿಯೇ ಬಂದಿತ್ತಂತೆ. ಹುಡುಗಿಗೆ ಪ್ರಜ್ಞೆ ಇತ್ತು. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ, ಅದನ್ನು ನೆನೆಯದ ದಿನವಿಲ್ಲ ಎಂದಳು. ಆಗಷ್ಟೇ ಒಳಗೆ ಬಂದ ನರ್ಸ್ ಬಗ್ಗಿ, "ನಿಮ್ಮಮ್ಮ ಬಂದ್ರು ನೋಡು ಪುಟ್ಟಿ" ಎಂದು ಆ ಹೆಸರನ್ನೂ ಸೇರಿಸಿಯೇ ಹೇಳಿದಳು. ಹುಡುಗಿ ಕೈ ಚಾಚಿದಳು. ಕಣ್ಣು ಕಟ್ಟಿತ್ತಲ್ಲ. ಅಮ್ಮ ಆ ಕೈ ಹಿಡಿದಳು. ನಾನಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. "ಅಮ್ಮಾ, ಜಡೆ ಬಿಚ್ಚು, ಒತ್ತತ್ತೆ" ಎಂದಿತು ಮಗು. ಅಮ್ಮ ಬಿಚ್ಚಿದಳು. ಎರಡು ಸುತ್ತಿನ ಗಂಟು, ಉಗುರು ಹಾಕಿ ಬಿಡಿಸಬೇಕಾಯಿತು. "ನಾಳೆಯಿಂದ ಹಟ ಮಾಡಲ್ಲ ಅಮ್ಮಾ" ಎಂದಿತು. ಅಮ್ಮ "ಹೂಂ" ಎಂದಳು. ಅಷ್ಟೇ.

"ಇದನ್ನ ಅವರಿಗೆ ಯಾಕಮ್ಮ ಹೇಳ್ಲಿಲ್ಲ?" ನನಗೆ ಅಳುವೂ ಕೋಪವೂ ಒಟ್ಟಿಗೇ ಬಂದವು.

"ಏನಂತ ಹೇಳ್ಲಿ? ನೀನು ನನ್ನ ಕೆಲ್ಸ ಮಾಡ್ತಾ ಕೂತಿದ್ದೆ, ನಾನು ನಿನ್ನ ಮಗಳ ಹತ್ರ ಅಮ್ಮ ಅನ್ನಿಸ್ಕೊಂಡು ಕೂತಿದ್ದೆ ಅಂತಾನಾ? ಆ ಹೊತ್ತಿಗೆ ಬಾಯಿಗೆ ಒಂದು ಸುಳ್ಳು ಬಂತು. ಆಮೇಲೆ ಅದನ್ನ ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಆಡದ ಮಾತೂ ಹೋಗುತ್ತದೆ, ಇನ್ನೊಬ್ಬರ ಬಾಳನ್ನೂ ಜೊತೆಗೆ ಕೊಂಡೊಯ್ಯುತ್ತದೆ ಎಂದು ಯಾರೂ ಹೇಳಿಲ್ಲ. ನಾನು ದಿನಾ ಪೀಡಿಸಿದೆ. ಈ ಭಾನುವಾರ ಹೋಗಿ ಹೇಳ್ತೀನಿ ಎನ್ನುತ್ತಿದ್ದಳು, ಭಾನುವಾರ ಬಂದರೆ ತಲೆನೋವು. ಹೀಗೆ ಮುಂದೆ ಹಾಕುತ್ತಾ ಹಾಕುತ್ತಾ ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದಳು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು "ಹೂಂ" ಒಂದೇ. ನೀರು ಬೇಕೆಂದರೂ ಹೂಂ, ನೋವಾದರೂ ಹೂಂ. ಹೆಸರು ಹಿಡಿದು ಡಾಕ್ಟರು ಕರೆದಾಗ ಮಾತ್ರ ಅದೂ ಇಲ್ಲ. ಮಾತೇ ಹೋದರೂ ಹಟ ಹೋಗಲಿಲ್ಲ.

ಸುದ್ದಿ ಕೇಳಿ ಕಾಲರತ್ತೆ ಬಂದಳು. ಶೆಡ್ಡು ಬಿಟ್ಟು ತಮ್ಮನ ಮನೆ ಸೇರಿಕೊಂಡ ಮೇಲೆ ಅವಳು ಬಹಳ ಇಳಿದಿದ್ದಳು. ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ಚಹಾ ಇಡಲು ಎದ್ದೆ. ಬೇಡ ಎಂದಳು. ಅಮ್ಮನ ಮುಖವನ್ನೇ ನೋಡಿ ಆ ಹೆಸರು ಹಿಡಿದು ಕರೆದಳು. ಪೂರ್ತಿ ಹೆಸರು.

"ಹೂಂ" ಎಂದಳು ಅಮ್ಮ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಇದೇ ಕೊನೆ, ಇನ್ನು ಕೇಳಲ್ಲ. ನನ್ನ ಕೇಳಿದ್ಲೇನೇ?"

ಅಮ್ಮನ ಕಣ್ಣಿಂದ ನೀರು ಕಿವಿಗೆ ಇಳಿಯಿತು. "ಹೂಂ."

ಕಾಲರತ್ತೆ ಅಲುಗಲಿಲ್ಲ. "ಜಡೆ ಬಿಚ್ಚು ಅಂತ ಅವಳೇ ಅಂದ್ಲಾ?"

"ಹೂಂ."

"ನಾನು ಅಂದ್ಕೊಂಡು?"

"ಹೂಂ."

ಕಾಲರತ್ತೆ ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು. "ಬಿಚ್ಚಿದ ಕೂದಲು ನೋಡಿದಾಗ್ಲೇ ಅನುಮಾನ ಇತ್ತು ಕಣೇ. ಬ್ಯಾಂಡೇಜು ಕಟ್ಟೋರು ಬಿಚ್ಚಿರ್ಬೋದು ಅಂತಾನೂ ಅನ್ನಿಸ್ತಿತ್ತು. ಒಂದಿನ ಹಾಗೆ, ಒಂದಿನ ಹೀಗೆ. ಅದ್ರಲ್ಲೇ ನನ್ನ ಆಯಸ್ಸು ಮುಗೀತು."

ನಾನು ಬಾಯಿ ಹಾಕಿದೆ. "ಅತ್ತೆ, ಇನ್ನೂ ಒಂದು ಮಾತು ಹೇಳಿದ್ಲಂತೆ. ನಾಳೆಯಿಂದ ಹಟ ಮಾಡಲ್ಲ ಅಂದ್ಲಂತೆ."

ಅವಳು ನನ್ನ ಕಡೆ ತಿರುಗಿದಳು. ನನ್ನ ವಯಸ್ಸು, ನನ್ನ ನರೆಗೂದಲು, ನನ್ನ ಮೊಣಕಾಲಿನವರೆಗೂ ಒಂದು ಸಲ ನೋಡಿದಳು. "ನಿಂಗೂ ಗೊತ್ತಿತ್ತು" ಎಂದಳು. ಬೈಗುಳವೂ ಅಲ್ಲ, ಪ್ರಶ್ನೆಯೂ ಅಲ್ಲ. ಆಮೇಲೆ ಅಮ್ಮನಿಗೆ ಹೇಳಿದಳು, "ಚಪ್ಪಲಿ ಕೊಟ್ಟೆ. ನಿನ್ನ ಕೆಲ್ಸ ಮಾಡ್ಕೊಟ್ಟೆ. ನನ್ನ ಮಗಳ ಕೊನೇ ಮಾತೂ ನಿನಗೇ ಹೋಯ್ತು. ಅದನ್ನೊಂದಾದ್ರೂ ವಾಪಸ್ ಕೊಡ್ಬೇಕಿತ್ತಲ್ವೇನೇ? ಹೆಸರು ಯಾರು ಕೇಳಿದ್ರು ನಿನ್ನ?"

ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಚಪ್ಪಲಿಯಲ್ಲಿ ಕಾಲು ಇಟ್ಟಳು.

ಆಗ ಅಮ್ಮನ ತುಟಿ ಅಲುಗಿತು. ಕತ್ತಿನ ನರ ಉಬ್ಬಿತು. ಹೂಂ ಬಿಟ್ಟು ಬೇರೇನೂ ಬಾರದ ಬಾಯಿಂದ ಆ ಹೆಸರು ಬಂತು. ಬಾಲವಿಲ್ಲ, ತಲೆ ಇದೆ, ನಡುವಿನ ಅಕ್ಷರ ತೊದಲಿತು, ಆದರೂ ಅದೇ. ಕಾಲರತ್ತೆಗೆ ಕೇಳಿಸಿತು. ಬಾಗಿಲ ಚೌಕಟ್ಟಿನ ಮೇಲಿದ್ದ ಅವಳ ಬೆರಳು ಬಿಗಿಯಾದದ್ದನ್ನು ನಾನೇ ನೋಡಿದೆ. ತಿರುಗಲಿಲ್ಲ. ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

ಅಮ್ಮ ಇನ್ನೊಮ್ಮೆ ಕರೆದಳು. ಕೆಳಗೆ ಗೇಟು ಹಾಕಿಕೊಂಡ ಸದ್ದಾಯಿತು.