ಬಾಯಿಲ್ಲದ ಬಟನ್

ಅಕ್ಕ ವೆಬ್‌ಸೈಟ್‌ಗಳಿಗೆ ಮೆನು ಕಟ್ಟುವವಳು. ಒಮ್ಮೆ ಒತ್ತಿದರೆ ಬಿಚ್ಚಿಕೊಳ್ಳುವ, ಮತ್ತೊಮ್ಮೆ ಒತ್ತಿದರೆ ಮಡಚಿಕೊಳ್ಳುವ ಮೆನುಗಳು. ತಮ್ಮನ ಕಣ್ಣು ಹೋದಾಗಲೂ ಅವಳು ಅಳಲಿಲ್ಲ, ರಜೆ ಹಾಕಲಿಲ್ಲ. ಮಾತಾಡದೆ ಕೆಲಸ ಮಾಡುತ್ತ ಹೋದಳು.

ಒಂದು ಮಧ್ಯಾಹ್ನ ತಮ್ಮ ಅವಳ ಮೇಜಿಗೇ ಬಂದು ಕೂತ. ಅವಳೇ ಕಟ್ಟಿದ್ದ ತರಬೇತಿ ಕೇಂದ್ರದ ಸೈಟಿನಲ್ಲಿ, ಯಾರ ನೆರವೂ ಇಲ್ಲದೆ, ಅವನು ಕೋರ್ಸಿಗೆ ಅರ್ಜಿ ಹಾಕಬೇಕಿತ್ತು. ಪರದೆಯನ್ನು ಓದಿ ಹೇಳುವ ತಂತ್ರಾಂಶ "ಮೆನು, ಬಟನ್" ಎಂದಿತು. ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ.

"ಅಕ್ಕ, ಇದು ಕೆಲಸ ಮಾಡ್ತಿಲ್ಲ."

ಮೆನು ಬಿಚ್ಚಿಕೊಂಡದ್ದನ್ನೂ ಅವನು ಎರಡನೆಯ ಸಲ ಒತ್ತಿದಾಗ ಮಡಚಿಕೊಂಡದ್ದನ್ನೂ ಅವಳು ನೋಡಿದ್ದಳು. ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳಲು ಅವಳು ಬಟನ್ನಿಗೆ ಕಲಿಸಿರಲಿಲ್ಲ. ಮೆನು ತೆರೆದಾಗ ಪರದೆಯ ಮೇಲೆ ಪುಟ್ಟ ಬಾಣವೊಂದು ತಿರುಗುತ್ತಿತ್ತು, ಅಷ್ಟು ಸಾಕೆಂದುಕೊಂಡಿದ್ದಳು.

"ಮಾಡ್ತಿದೆ. ನಿಂಗೆ ಹೇಳ್ತಿಲ್ಲ ಅಷ್ಟೆ."

"ಯಾಕೆ, ನನ್ನ ಜೊತೆ ಠೂ ಬಿಟ್ಟಿದೆಯಾ? ಹೋಗ್ಲಿ, ನೀನೇ ತುಂಬು. ಇನ್ಮೇಲೆ ಎಲ್ಲಾ ನೀನೇ ತಾನೆ ಮಾಡ್ಬೇಕು."

"ಸ್ವಲ್ಪ ಸುಮ್ನೆ ಕೂತಿರು."

ಅವಳು ಕೋಡಿನಲ್ಲಿ ಒಂದೆರಡು ಸಾಲು ಸೇರಿಸಿದಳು. ಪುಟ ಮತ್ತೆ ತೆರೆಯಿತು. "ಮೆನು, ಬಟನ್, ಮುಚ್ಚಿದೆ." ತಮ್ಮ ಒತ್ತಿದ. "ತೆರೆದಿದೆ." ಅವನ ಬೆರಳು ಮುಂದಿನ ಆಯ್ಕೆಗೆ ಒಯ್ಯುವ ಟ್ಯಾಬ್ ಕೀಲಿಗೆ ಸರಿಯಿತು. ಅರ್ಜಿ ಕಳಿಸುವವರೆಗೂ ಅವನು ಅವಳನ್ನು ಏನೂ ಕೇಳಲಿಲ್ಲ.

ಇದು ಸಂತೋಷಪಡುವ ಹೊತ್ತು ಎಂದು ಅವಳಿಗೆ ಗೊತ್ತಿತ್ತು. ಸಂತೋಷ ಬರಲಿಲ್ಲ. ತಾನು ಕಟ್ಟಿದ್ದ ಬೇರೆ ಸೈಟುಗಳನ್ನು ತೆರೆದು, ಒಂದೊಂದೇ ಬಟನ್ನಿಗೆ ಮಾತು ಕಲಿಸತೊಡಗಿದಳು.