ಸತೀಶನ ಕ್ಯಾಂಪರ್ ಜಾರಿದ ಬೆಳಿಗ್ಗೆ

ಇದನ್ನು ಹೇಳಬೇಕೆಂದು ಎಷ್ಟು ಸಲ ಹೊರಟೆನೋ ಅಷ್ಟೂ ಸಲ ಮುಂದೂಡಿದೆ. ಸತೀಶನ ಪಿಕಪ್ ಟ್ರಕ್ಕಿನಿಂದ ಕ್ಯಾಂಪರ್ ಜಾರಿದ್ದು ನನ್ನಿಂದ. ಚೈನು ಬಿಗಿದಿಲ್ಲವೆಂದು ಗೊತ್ತಿದ್ದೂ ಗಾಡಿ ಬಿಡಿಸಿದವನು ನಾನು. ಅಪವಾದ ಹೊತ್ತವನು ಬೇರೆ.

ಕೋವಿಡ್ ಕಾಲ. ವಿಮಾನ, ಹೋಟೆಲು ಯಾವುದೂ ಬೇಡವೆಂದು, ಅಮೆರಿಕದ ಕಮ್ಮಿಂಗ್‌ನ ನಮ್ಮ ಬೀದಿಯ ಸತೀಶ ಹಳೆಯ ಕ್ಯಾಂಪರೊಂದನ್ನು ತಂದ — ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆ. ಅವನ ಟ್ರಕ್ಕೋ ಚಂದಕ್ಕೆಂದು ಲಿಫ್ಟ್ ಮಾಡಿಸಿ ಎತ್ತರಿಸಿದ್ದು. ಕ್ಯಾಂಪರನ್ನು ಎತ್ತಿ ನಿಲ್ಲಿಸುವ ಅದರ ಜ್ಯಾಕ್ ಕಾಲುಗಳು ಆ ಎತ್ತರಕ್ಕೆ ಸಾಲಲಿಲ್ಲ. ಪಕ್ಕದ ಮನೆಯ ನಯಾಜ್ ದಪ್ಪ ಹಲಗೆ ಕೊಯ್ದು ಕಾಲುಗಳ ಕೆಳಗಿಟ್ಟ. ನಮ್ಮ ಹಾಗೆ ಅವನೂ ಮೈಸೂರಿನವನೇ, ಸಾಫ್ಟ್‌ವೇರ್ ಕೆಲಸ. ನಾನು ಪಿಯುಸಿಗೆ ಓದು ಬಿಟ್ಟು ಗ್ಯಾರೇಜಿನಲ್ಲಿ ಬೆಳೆದವನು. ಗಾಡಿಯ ವಿಷಯದಲ್ಲಿ ಎಲ್ಲರಿಗೂ ಈ ಅಂಕಲ್ ಮಾತೇ ಕೊನೆ.

ಕ್ಯಾಂಪರನ್ನು ಟ್ರಕ್ಕಿನ ಮೇಲಿಳಿಸಿ ಕಾಲುಗಳನ್ನು ಮೇಲೆತ್ತಿದೆವು. ಅದನ್ನು ಟ್ರಕ್ಕಿಗೆ ಬಿಗಿಯುವ ಚೈನುಗಳನ್ನು ಬರೀ ಸಿಕ್ಕಿಸಿದ್ದೆವು. ಅಂದು ಶನಿವಾರ, ಒಂಬತ್ತಕ್ಕೆ ರಾಹುಕಾಲ; ಅಷ್ಟರೊಳಗೆ ಪೂಜೆ ಮುಗಿಸುವ ಅವಸರ. ಸತೀಶನ ತಾಯಿ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಚಕ್ರದಡಿಗಿಡಲು ನಿಂಬೆಹಣ್ಣು ಮರೆತಿದ್ದೆವು; ನಯಾಜನೇ ಓಡಿ ತನ್ನ ಮನೆಯಿಂದ ತಂದ.

ಟ್ರಕ್ಕಿನ ಹಿಂದುಗಡೆ ನಾನು, ನಯಾಜ್ ಇಬ್ಬರೇ.

"ಅಂಕಲ್, ಸ್ವಲ್ಪ ವೇಟ್ ಮಾಡಿ. ಚೈನು ಟೈಟ್ ಮಾಡಿಲ್ಲ ಇನ್ನೂ."

"ಲಾರಿ ರಿಪೇರಿ ಮಾಡ್ದೋನಿಗೇ ಹೇಳ್ಕೊಡ್ತೀಯೇನಪ್ಪ? ನಿಂಬೆಹಣ್ಣಿನ ಮೇಲೆ ಹತ್ತಿಸೋಕೆ ಎರಡಡಿ ಹೋದ್ರೆ ಸಾಕು. ಆಮೇಲೆ ಯೂಟ್ಯೂಬ್ ನೋಡ್ಕೊಂಡು ಬಿಗಿ."

ಅವನು ನಕ್ಕು ಮತ್ತೆ ಚೈನಿಗೆ ಕೈ ಹಾಕಿದ. ನಾನು ಮುಂದೆ ಹೋದೆ. ಅವನ ಕೈ ಅಲ್ಲಿದೆಯೆಂದು ಗೊತ್ತಿದ್ದೂ — ಸ್ಟೀರಿಂಗ್ ಹಿಡಿದು ಕುಳಿತಿದ್ದ ಸತೀಶನಿಗೆ ಗಾಡಿ ಬಿಡಲು ಸನ್ನೆ ಮಾಡಿದೆ.

ಡ್ರೈವ್‌ವೇ ರಸ್ತೆಯ ಕಡೆಗೆ ಏರು. ಟ್ರಕ್ ಒಮ್ಮೆಲೇ ಜಗ್ಗಿತು. ಕ್ಯಾಂಪರ್ ಹಿಂದಕ್ಕೆ ಜಾರಿ ಉರುಳಿತು. ನಯಾಜನ ಮಣಿಕಟ್ಟು ಮುರಿಯಿತು.

"ಏನಾಯ್ತು ಅಂಕಲ್? ಚೈನು ಬಿಗಿದಿರ್ಲಿಲ್ವಾ?" ಸತೀಶ ಇಳಿದು ಬಂದ.

"ಬಿಗಿದೆ ಅಂತ ನಯಾಜ್ ಹೇಳ್ದ. ನಂಬಿದೆ."

ಕೈ ಹಿಡಿದು ಕುಳಿತಿದ್ದವನು ನನ್ನ ಮುಖ ನೋಡಿದ. ಹಿರಿಯನೆಂದೋ, ನೋವಿಗೋ — ಮಾತಾಡಲಿಲ್ಲ.

ಆಮೇಲೆ ನಮ್ಮವರ ಊಟದ ಕೂಟಗಳಲ್ಲಿ ಮಾತು ಶುರುವಾಯಿತು. "ಅವ್ರಿಗೆ ನಮ್ಮ ಪೂಜೆ ಅಂದ್ರೆ ಅಷ್ಟಕ್ಕಷ್ಟೆ ಬಿಡಿ. ಬೇಕಂತ್ಲೇ ಸಡಿಲ ಬಿಟ್ಟಿರ್ತಾನೆ." ಪೂಜೆಗೆ ತನ್ನ ಮನೆಯ ನಿಂಬೆಹಣ್ಣು ತಂದುಕೊಟ್ಟವನ ಬಗ್ಗೆ ಆಡುವ ಮಾತೇ ಇದು? ನನಗೆ ಮೈ ಉರಿಯಿತು. ಉರಿದರೇನು, ಎರಡನೇ ಸಲ ಬಿಸಿಬೇಳೆಬಾತು ಬಡಿಸಿಕೊಂಡು ತಿಂದೆ. ಅವರಿಗಾದರೂ ನಿಜ ಗೊತ್ತಿರಲಿಲ್ಲ. ಆ ಹೊಲಸನ್ನು ಅವರ ಬಾಯಿಗಿಟ್ಟವನು ನಾನೇ ಅಲ್ಲವೆ?

ನಯಾಜನ ಮಗಳನ್ನು ಹುಟ್ಟುಹಬ್ಬಗಳಿಗೆ ಕರೆಯುವುದು ನಿಂತಿತು. ಅವನ ಹೆಂಡತಿಯನ್ನು ಕಂಡರೆ ನಮ್ಮ ಹೆಂಗಸರು ಫೋನು ನೋಡತೊಡಗಿದರು. ಕೊನೆಗೆ ನಯಾಜ್ ಕುಟುಂಬದವರು ಮನೆ ಮಾರಿ ದೂರದ ಊರು ಶಾರ್ಲೆಟ್‌ಗೆ ಹೋದರು. ಸಾಮಾನು ತುಂಬುವಾಗ ನಾನು ಕಿಟಕಿಯಿಂದ ನೋಡಿದೆ; ಹೋಗಿ ಒಂದು ಪೆಟ್ಟಿಗೆಯನ್ನೂ ಎತ್ತಿಕೊಡಲಿಲ್ಲ.

ಮೊನ್ನೆ ಸತೀಶನ ಮನೆಯಲ್ಲಿ ಯಾರೋ ಆ ಕತೆಯನ್ನು ಮತ್ತೆ ತಮಾಷೆಯಾಗಿ ಹೇಳಿದರು. ಎಲ್ಲರ ಎದುರೇ ಅಂದೆ: "ಚೈನು ಬಿಗಿದಿಲ್ಲ ಅಂತ ಅವ್ನು ನಂಗೆ ಹೇಳಿದ್ದ. ಸುಳ್ಳು ಹೇಳಿದ್ದು ನಾನು."

ಸತೀಶ ನನ್ನ ಭುಜ ತಟ್ಟಿದ. "ಬಿಡಿ ಅಂಕಲ್, ಹಳೇ ವಿಷ್ಯ. ಈಗ್ಯಾಕೆ? ಕಾಫಿ ತಗೊಳ್ಳಿ."

ಹಳೆಯದಂತೆ. ಯಾರಿಗೆ ಹಳೆಯದು? ಮನೆ ಬಿಟ್ಟು ಹೋದವರಿಗೋ? ನನ್ನನ್ನು ಇಷ್ಟು ಸಲೀಸಾಗಿ ಕ್ಷಮಿಸಲು ಇವರು ಯಾರು? — ಕಾಫಿ ಮುಟ್ಟದೆ ಎದ್ದು ಬಂದೆ.

ಕ್ಷಮೆ ಕೇಳಬೇಕಾದದ್ದು ಅವರನ್ನಲ್ಲ. ಯಾರನ್ನು ಕೇಳಬೇಕಿತ್ತೋ ಅವನನ್ನು ಇಂದಿಗೂ ಕೇಳಿಲ್ಲ — ನಯಾಜನನ್ನು.