ಏಳನೇ ಕೋಣೆಯ ಮೂರನೇ ಮಂಚ

ಕ್ವಾನ್ಸಿಮಾ ಡೆನ್ಮಾರ್ಕಿನಿಂದ ವಾಪಸು ಬಂದಾಗ ಅವಳನ್ನು ಹಾಸ್ಟೆಲಿನಲ್ಲಿ ನಮ್ಮ ಕೋಣೆಗೆ ಹಾಕಿದರು. ನಾವು ಅವಳಿಗಿಂತ ಒಂದು ವರ್ಷ ಕಿರಿಯರು. ಅಲ್ಲಿ ಓದಿದ ವರ್ಷವನ್ನು ನಮ್ಮ ಶಿಕ್ಷಕರ ಕಾಲೇಜು ಒಪ್ಪಲಿಲ್ಲ. ಅವಳ ಜೊತೆಯವರೆಲ್ಲ ಕೊನೆಯ ವರ್ಷಕ್ಕೆ ಹೋಗಿ ಹಗಲು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ಹಾಸ್ಟೆಲಿಗೆ ಮರಳುತ್ತಿದ್ದರು. ಅವಳು ನಮ್ಮ ಬೆಂಚಿನ ತುದಿಯಲ್ಲಿ ಕೂತು, ಬಿಟ್ಟುಹೋದ ಪಾಠದಿಂದಲೇ ಮತ್ತೆ ಶುರುಮಾಡಿದಳು.

ಅವಳು ತಂದಿದ್ದ ದಪ್ಪನೆಯ ಕೋಟು ನಮ್ಮ ಗೋಡೆಯ ಮೊಳೆಗೆ ನೇತುಬಿತ್ತು. ಸಮುದ್ರದ ಬಿಸಿಗಾಳಿಗೆ ನಾವು ತೆಳು ಲಂಗದಲ್ಲೇ ಬೆವರುವ ಊರು ಇದು.

"ಅಕ್ಕ, ಆ ಕೋಟಿನೊಳಗೆ ಒಂದು ಬುಟ್ಟಿ ಮೀನಿಗೆ ಹೊಗೆ ಹಾಕಬಹುದು ನೋಡು," ಎಂದೆ ಮೊದಲ ದಿನ.

"ನಮ್ಮಮ್ಮ ಇದ್ದಿದ್ರೆ ಹಾಕೇಬಿಡೋಳು," ಎಂದು ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅವಳ ಅಮ್ಮ ನಮ್ಮ ಕಾಲೇಜಿನಿಂದ ಸ್ವಲ್ಪ ದೂರದ ಮೀನುಗಾರರ ಹಳ್ಳಿಯವಳು. ಮಣ್ಣಿನ ಒಲೆಗಳ ಮೇಲೆ ಮೀನಿಗೆ ಹೊಗೆ ಹಾಕಿ, ಸಂತೆಗೆ ಹೊತ್ತು ಮಾರಿ ಮಗಳನ್ನು ಓದಿಸಿದವಳು. ಮಗಳು ಪರದೇಶದಲ್ಲಿದ್ದಾಗ ಸತ್ತಳು. ಸೋದರಮಾವ ಫೋನು ಮಾಡಿ, "ಪರೀಕ್ಷೆ ಬಿಟ್ಟು ಬರಬೇಡ, ನೀನು ಬರೋವರೆಗೂ ಮಣ್ಣು ಮಾಡಲ್ಲ, ಶವಾಗಾರದಲ್ಲೇ ಇಡ್ತೀವಿ," ಎಂದು ಮಾತು ಕೊಟ್ಟಿದ್ದ. ನಮ್ಮಲ್ಲಿ ಹಾಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆದರೆ ಅವರು ಕಾಯಲಿಲ್ಲ. ಮೀನಿನ ಹಂಗಾಮು ಬರುವ ಮೊದಲೇ ಮುಗಿಸಿಬಿಡೋಣ ಎಂದು ಮನೆಯ ಹಿರಿಯರು ತೀರ್ಮಾನಿಸಿದರು. ತಾಯಿಯ ಅಂತ್ಯಕ್ರಿಯೆಯನ್ನು ಕ್ವಾನ್ಸಿಮಾ ಫೋನಿನ ಅಂಗೈಯಗಲದ ಪರದೆಯಲ್ಲಿ ನೋಡಿದಳು. ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತಂತೆ.

ಅವತ್ತು ಕಾಲೇಜಿನ ಬಸ್ಸಿನಲ್ಲಿ ಅವಳ ತರಗತಿಯವರೆಲ್ಲ ಶೋಕದ ಕಪ್ಪು ಕೆಂಪು ಬಟ್ಟೆ ಉಟ್ಟು ಆ ಹಳ್ಳಿಗೆ ಹೋಗಿದ್ದರು. ಅವರಲ್ಲಿ, ಪರದೇಶಕ್ಕೆ ಹೋಗುವ ಮೊದಲು ಏಳನೇ ಕೋಣೆಯಲ್ಲಿ ಅವಳೊಂದಿಗೆ ಇದ್ದವರು ಇಬ್ಬರು: ಎಜಿರ್ಬಾ ಮತ್ತು ಮಾನ್ಸಾ. ಮೂವರೂ ಮೊದಲ ವರ್ಷದಿಂದ ಒಂದೇ ಬಟ್ಟಲಲ್ಲಿ ಉಂಡವರು. ಹೆಣದ ಪಕ್ಕದಲ್ಲಿ ಮಗಳು ಕೂರಬೇಕಾದ ಜಾಗ ಖಾಲಿ ಇತ್ತು. ಎಜಿರ್ಬಾ ಯಾರನ್ನೂ ಕೇಳದೆ ಹೋಗಿ, ಹಣೆಗೆ ಕೆಂಪು ಪಟ್ಟಿ ಕಟ್ಟಿಕೊಂಡು ಅಲ್ಲಿ ಕೂತಳು. ಬೆಳಗಿನವರೆಗೆ ಅತ್ತಳು. ಅವಳ ಗಂಟಲು ಎಷ್ಟು ಬಿದ್ದುಹೋಗಿತ್ತೆಂದರೆ, ಮುಂದಿನ ವಾರ ತರಗತಿಯಲ್ಲಿ ಅವಳ ಹಾಜರಿಯನ್ನು ಮಾನ್ಸಾ ಕೂಗುತ್ತಿದ್ದಳು.

ಕ್ವಾನ್ಸಿಮಾ ವಾಪಸು ಬಂದವಳು ಮೊದಲು ಹಳ್ಳಿಗೆ ಹೋದಳು. ನಮ್ಮ ಪದ್ಧತಿಯಂತೆ ಕಪ್ಪು ಬಟ್ಟೆ ಉಟ್ಟು, ಸೋದರಮಾವನನ್ನು ಮುಂದಿಟ್ಟುಕೊಂಡು, ಅಂತ್ಯಕ್ರಿಯೆಗೆ ಬಂದಿದ್ದ ಪ್ರತಿಯೊಬ್ಬರ ಬಾಗಿಲಿಗೂ ಹೋಗಿ ಕೃತಜ್ಞತೆ ಹೇಳಿಬಂದಳು. ಕಾಲೇಜಿಗೆ ಬಂದ ಮೇಲೆ, ಅಂದು ಬಂದಿದ್ದ ಮೇಷ್ಟರುಗಳ ಮನೆಗಳಿಗೂ ಹೋದಳು. ಏಳನೇ ಕೋಣೆಗೆ ಮಾತ್ರ ಹಾಗೆ ಹೋಗಲಿಲ್ಲ. ಅಲ್ಲಿಗೆ ಓಡಿಹೋದಳು. ಇಬ್ಬರನ್ನೂ ತಬ್ಬಿಕೊಂಡು ಅತ್ತಳು, ಚಾಕೊಲೇಟಿನ ಡಬ್ಬಿ ಬಿಚ್ಚಿದಳು, ತನ್ನ ಹಳೆಯ ಮಂಚದ ಮೇಲೆ ಕಾಲು ಚಾಚಿ ಕೂತು ಸಂಜೆಯವರೆಗೆ ಹರಟಿದಳು. ಆ ಮಂಚದ ಮೇಲೆ ಆಗ ರಟ್ಟಿನ ಪೆಟ್ಟಿಗೆಗಳೂ ಇಸ್ತ್ರಿಪೆಟ್ಟಿಗೆಯೂ ಇದ್ದವು. ಅವಳ ಜಾಗಕ್ಕೆ ಬಂದಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳು.

"ಮಂಚ ಖಾಲಿ ಇದೆ ನಿಜ," ಎಂದರು ವಾರ್ಡನ್ ಮೇಡಂ. "ಆದ್ರೆ ಕೊನೇ ವರ್ಷದವರ ಕೋಣೆಗೆ ಕೆಳಗಿನ ವರ್ಷದವಳನ್ನ ನಾನಾಗೇ ಹಾಕೋ ಹಾಗಿಲ್ಲ. ಆ ಇಬ್ರೂ ಬಂದು ಹೂಂ ಅಂದ್ರೆ ನಾಳೆನೇ ಹೋಗು."

ಕ್ವಾನ್ಸಿಮಾ ತನ್ನ ಸೂಟ್‌ಕೇಸು ಬಿಚ್ಚಲೇ ಇಲ್ಲ. ದಿನಾ ಬೆಳಿಗ್ಗೆ ಅದರೊಳಗಿಂದ ಬಟ್ಟೆ ತೆಗೆದು, ಮತ್ತೆ ಮುಚ್ಚಿ ಇಡುತ್ತಿದ್ದಳು. "ಇವತ್ತು ಬರ್ತಾರೆ," ಎನ್ನುತ್ತಿದ್ದಳು. ಅವರು ವಾರ್ಡನ್ ಬಳಿ ಹೋಗಲಿಲ್ಲ. ಸಂಜೆ ಊಟದ ಹೊತ್ತಿಗೆ ಏಳನೇ ಕೋಣೆಯಿಂದ "ಬಾರೇ ಕ್ವಾನೀ" ಎಂಬ ಕೂಗೂ ಬರಲಿಲ್ಲ. ಎದುರಾದರೆ ನಗುತ್ತಿದ್ದರು, ಚೆನ್ನಾಗಿದ್ದೀಯಾ ಎನ್ನುತ್ತಿದ್ದರು. ಅಷ್ಟೇ.

ಕಾರಣ ನಮಗೆ ತಿಳಿದದ್ದು ನಲ್ಲಿಯ ಹತ್ತಿರ. ಮಾನ್ಸಾ ಬಕೆಟು ತುಂಬಿಸುತ್ತಿದ್ದಳು. ಕ್ವಾನ್ಸಿಮಾ ನಗುತ್ತಾ, "ಏನೇ, ನನ್ನ ಮಂಚದ ಮೇಲೆ ಇನ್ನೂ ಇಸ್ತ್ರಿಪೆಟ್ಟಿಗೆನೇ ಮಲಗಿದೆಯಾ?" ಎಂದಳು.

"ಮಲಗಿದೆ. ಅದಕ್ಕೆ ನೆನಪಿನ ಶಕ್ತಿ ಇದೆ, ಬಿಸಿ ಮಾಡಿದವರನ್ನ ಮರೆಯಲ್ಲ."

"ಹಾಗಂದ್ರೆ?"

"ಏನಿಲ್ಲಮ್ಮ. ಡೆನ್ಮಾರ್ಕಲ್ಲಿ ನಾಲಿಗೇನ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಕೋತಾರಾ ಅಂತ ಯೋಚನೆ ಮಾಡ್ತಿದ್ದೆ." ನಲ್ಲಿ ನಿಲ್ಲಿಸಿದಳು. "ಮೇಷ್ಟರುಗಳ ಮನೆಗೆಲ್ಲ ನೀನು ಕಪ್ಪು ಉಟ್ಕೊಂಡು ಹೋಗಿದ್ದೆ. ಅವರು ಅರ್ಧ ಗಂಟೆ ಕುರ್ಚಿ ಮೇಲೆ ಕೂತು ಎದ್ದು ಬಂದೋರು. ನಿನ್ನ ಪಾಲಿನ ಅಳೂನೂ ಅತ್ತೋಳಿಗೆ ಏನು ಕೊಟ್ಟೆ? ಚಾಕೊಲೇಟು. ಅದೂ ಕರಗಿಹೋಗಿತ್ತು."

ಬಕೆಟನ್ನು ತಲೆಯ ಮೇಲಿಟ್ಟುಕೊಂಡು ಅವಳು ಹೊರಟುಹೋದಳು. ಒಂದು ಹನಿಯೂ ತುಳುಕಲಿಲ್ಲ.

ಕೋಣೆಗೆ ಬಂದ ಕ್ವಾನ್ಸಿಮಾ ಮುಚ್ಚಿದ ಸೂಟ್‌ಕೇಸಿನ ಮೇಲೆ ಕೂತಳು. "ಅಬೊಕೊಮಾ," ಎಂದು ನನ್ನನ್ನು ಕರೆದಳು. "ನಾನು ಹೊರಗಿನವರ ಬಾಗಿಲಿಗೆ ಹೋದೆ. ಅವರು ಹೊರಗಿನವರು, ಅದಕ್ಕೆ. ತನ್ನ ಕೋಣೆಗೆ ತಾನೇ ಹೋಗಿ ಯಾರಾದ್ರೂ ಉಪಕಾರ ಆಯ್ತು ಅಂತಾರಾ? ಅಮ್ಮ ಸತ್ತಾಗ ಅಕ್ಕ ಅತ್ರೆ, ತಂಗಿ ಹೋಗಿ ಅವಳಿಗೆ ಕೈಮುಗೀತಾಳಾ?"

"ಇಲ್ಲ ಅಕ್ಕ. ಆದ್ರೆ ಅವರು ಕಾಯ್ತಿದ್ದಾರೆ."

"ಫಾರಿನ್ನಿಗೆ ಹೋಗಿ ಹೀಗಾದೆ ಅಂದ್ಕೊಂಡಿದ್ದಾರೆ ಅಲ್ವಾ?"

ಕಾಲೇಜಿನಲ್ಲಿ ಎಲ್ಲರೂ ಅದನ್ನೇ ಆಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೋಗದೆ ಇದ್ದಿದ್ದರೂ ಅವಳು ಹೀಗೇ ಮಾಡುತ್ತಿದ್ದಳು ಎಂದು ಈಗ ನನಗೆ ಅನಿಸುತ್ತದೆ. ಆದರೆ ಹೋಗದವಳು ಹಾಗೆ ಮಾಡಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ಅವಳು ಮತ್ತೆ ಕಪ್ಪು ಬಟ್ಟೆ ಉಟ್ಟಳು. ಅಂಗಡಿಯಿಂದ ಮಾಲ್ಟ್ ಪಾನೀಯದ ಬಾಟಲಿಗಳನ್ನು ತಂದಳು. ಕೃತಜ್ಞತೆಯ ಮಾತನ್ನು ಬಂದವರು ತಾವೇ ಆಡುವಂತಿಲ್ಲ, ಅವರ ಪರವಾಗಿ ಇನ್ನೊಬ್ಬರು ಆಡಬೇಕು. ನನ್ನನ್ನು ಕರೆದಳು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಾ ನಡೆದೆ.

ಏಳನೇ ಕೋಣೆಯ ಬಾಗಿಲು ತೆರೆದೇ ಇತ್ತು. ಕ್ವಾನ್ಸಿಮಾ ಹೊಸ್ತಿಲ ಹೊರಗೆ ನಿಂತು ಬಾಗಿಲು ತಟ್ಟಿದಳು. ಎಜಿರ್ಬಾ ತಲೆ ಎತ್ತಿದಳು. ಕಪ್ಪು ಬಟ್ಟೆಯನ್ನು ನೋಡಿದಳು, ಬಾಟಲಿಗಳನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಕೂಡಲೇ ಎದ್ದು, ಅತಿಥಿಗಳ ಮುಂದೆ ಹಾಕುವ ಮೇಲುಹೊದಿಕೆಯೊಂದನ್ನು ಹೆಗಲಿಗೆ ಹಾಕಿಕೊಂಡಳು.

ನಾವು ಬಲಗಡೆಯಿಂದ ಶುರುಮಾಡಿ ಇಬ್ಬರ ಕೈಯನ್ನೂ ಕುಲುಕಿದೆವು. ಅವರು ಕುರ್ಚಿ ಹಾಕಿದರು. ಮಾನ್ಸಾ ತಟ್ಟೆಯ ಮೇಲೆ ನೀರಿನ ಲೋಟ ಇಟ್ಟು, ಬಲಗೈಯಲ್ಲಿ ತಂದುಕೊಟ್ಟಳು. ನಲ್ಲಿಯ ಹತ್ತಿರ ಆಡಿದ ಮಾತಿನ ಗುರುತೂ ಅವಳ ಮುಖದಲ್ಲಿರಲಿಲ್ಲ. ನಾವು ಕುಡಿದೆವು. ಆಮೇಲೆ ಅವಳು ಎಜಿರ್ಬಾಳ ಪರವಾಗಿ ಕೇಳಿದಳು:

"ಇಲ್ಲಿ ಎಲ್ಲ ಕ್ಷೇಮ. ನಡೆದು ಬಂದವರು ನೀವು. ಬಂದ ಸುದ್ದಿ ಹೇಳಿ."

"ನಾವೂ ಕೆಟ್ಟದ್ದೇನೂ ಹೊತ್ತು ತಂದಿಲ್ಲ," ಎಂದೆ. ಬಾಟಲಿಗಳನ್ನು ಅವರ ಮುಂದಿಟ್ಟೆ. "ನಮ್ಮಕ್ಕನ ಮನೆಯಲ್ಲಿ ಸಾವಾದಾಗ ಅವಳು ಇರಲಿಲ್ಲ. ನೀವಿದ್ದಿರಿ. ಅವಳು ಕೂರಬೇಕಾದಲ್ಲಿ ಕೂತಿರಿ. ಅದನ್ನು ಅವಳು ಮರೆತಿಲ್ಲ ಅಂತ ಹೇಳೋಕೆ ಬಂದಿದ್ದೇವೆ."

ಮಾನ್ಸಾ ಎಜಿರ್ಬಾಳ ಕಡೆ ತಿರುಗಿ, "ಕೇಳಿದ್ರಾ?" ಎಂದಳು. ಒಂದು ಮಾರು ದೂರದಲ್ಲಿದ್ದ ಎಜಿರ್ಬಾ, "ಕೇಳಿದೆ," ಎಂದಳು. "ಕಷ್ಟ ತಗೊಂಡು ಬಂದಿದ್ದೀರಿ. ನಾವು ಮಾಡಿದ್ದು ದೊಡ್ಡದೇನಲ್ಲ. ಅವರ ಅಮ್ಮನಿಗೆ ದೇವರು ಒಳ್ಳೆ ಜಾಗ ಕೊಡಲಿ. ಮನಸ್ಸಲ್ಲಿ ಏನೂ ಉಳಿದಿಲ್ಲ ಅಂತ ಹೇಳು."

ಮಾನ್ಸಾ ನನಗೆ ಹೇಳಿದಳು. ನಾನು ಕ್ವಾನ್ಸಿಮಾಗೆ ಹೇಳಿದೆ. ಎಲ್ಲರೂ ಅದನ್ನು ಮೂರು ಸಲ ಕೇಳಿಸಿಕೊಂಡೆವು.

ಕ್ವಾನ್ಸಿಮಾ ತಡೆಯಲಾರದೆ ಕ್ರಮ ಮುರಿದಳು. "ಎಜೀ," ಎಂದಳು ನೇರವಾಗಿ, "ವಾರ್ಡನ್ ಮೇಡಂ ಆ ಮಂಚದ ವಿಷಯ…"

ಎಜಿರ್ಬಾ ಮಂಚದ ಕಡೆ ನೋಡಿದಳು. ಪೆಟ್ಟಿಗೆಗಳು ಹಾಗೇ ಇದ್ದವು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಎನಿಸಿತು ನನಗೆ.

"ಮೊನ್ನೆವರೆಗೂ ನಾನು ಜಗಳ ಆಡೋಕೆ ಕಾಯ್ತಿದ್ದೆ," ಎಂದಳು ಮೆಲ್ಲಗೆ. "ನೀನು ನುಗ್ಗಿ ಬಂದು ಆ ಪೆಟ್ಟಿಗೆಗಳನ್ನ ಕೆಳಗೆ ಎಸೆದು ಮಲಗಿದ್ರೆ ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಈಗ ಬಾಗಿಲು ತಟ್ಟಿ ಬಂದಿದ್ದೀಯ, ಸರಿಯಾಗೇ ಮಾಡಿದ್ದೀಯ, ತಪ್ಪು ಹುಡುಕೋ ಹಾಗೇ ಇಲ್ಲ." ಹೊದಿಕೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ಮೂರು ಜನಕ್ಕೆ ಈ ಕೋಣೆ ಇಕ್ಕಟ್ಟಾಗುತ್ತೆ. ನಿನಗೇ ತೊಂದರೆ."

ಮೂವರೂ ಎರಡು ವರ್ಷ ಇದ್ದ ಕೋಣೆ ಅದು.

ಹೊರಡುವಾಗ ಇಬ್ಬರೂ ನಮ್ಮನ್ನು ಬೀಳ್ಕೊಡಲು ಎದ್ದರು. ಬಂದವರನ್ನು ಬಾಗಿಲಲ್ಲೇ ಬಿಟ್ಟು ಕಳಿಸುವುದು ನಮ್ಮಲ್ಲಿ ಅವಮಾನ. ಮಾತಾಡುತ್ತಾ ನಮ್ಮ ಜೊತೆ ನಡೆದರು. ಈ ಸಲ ಮಾವು ಹೆಚ್ಚು, ಅಡುಗೆಮನೆಯ ಹುರುಳಿಯಲ್ಲಿ ಕಲ್ಲು ಹೆಚ್ಚು, ಹೊಸ ಗಣಿತದ ಮೇಷ್ಟರು ಕುಳ್ಳ. ಎರಡು ಕಟ್ಟಡಗಳ ನಡುವಿನ ಬೇವಿನ ಮರದವರೆಗೆ ಬಂದು ನಿಂತರು.

"ಇಲ್ಲಿಂದ ದಾರಿ ಗೊತ್ತಲ್ಲ?" ಎಂದಳು ಮಾನ್ಸಾ. ಬಾಯಿ ತಪ್ಪಿ ಬಂದ ಮಾತಿರಬೇಕು, ತಕ್ಷಣ ತುಟಿ ಕಚ್ಚಿಕೊಂಡಳು.

"ಗೊತ್ತು," ಎಂದಳು ಕ್ವಾನ್ಸಿಮಾ. "ಇಷ್ಟು ದೂರ ಬಂದಿರಿ. ಉಪಕಾರ ಆಯ್ತು."

ಮರುದಿನ ಬೆಳಿಗ್ಗೆ ವಾರ್ಡನ್ ಮೇಡಂ ಅವಳನ್ನು ವರಾಂಡದಲ್ಲೇ ನಿಲ್ಲಿಸಿ ಕೇಳಿದರು.

"ಏನಾಯ್ತಮ್ಮ ಕೋಣೆ ವಿಷಯ? ಆ ಇಬ್ರೂ ಆಗಲ್ಲ ಅಂದ್ರಾ?"

"ಇಲ್ಲ ಮೇಡಂ," ಎಂದಳು ಕ್ವಾನ್ಸಿಮಾ. "ತುಂಬ ಚೆನ್ನಾಗಿ ನೋಡಿಕೊಂಡರು. ನೀರು ಕೊಟ್ಟರು, ಕುರ್ಚಿ ಹಾಕಿದರು. ನಾನು ಇಲ್ಲೇ ಇರ್ತೀನಿ."